ಓಟು ನಮ್ಮದು, ನೋಟು ಯಾರದು?

ಎಲೆಕ್ಷನ್ ಮುಗಿದ ಮಾರನೇ ದಿನ ಪೇಟೆಯ ಪಂಡಿತರು ಒಂದು ಮಾತು ಹೇಳುತ್ತಾರೆ: 'ಕೇರಿಯವರು ಓಟು ಮಾರಿಕೊಂಡರು.' ಐನೂರರ ನೋಟು ಈಸಿಕೊಂಡ ಕೂಲಿ ಹೆಂಗಸು ಇವರ ಕಣ್ಣಿಗೆ ಪ್ರಜಾಪ್ರಭುತ್ವದ ಕೊಲೆಗಾರ್ತಿ. ಆ ನೋಟು ಯಾರ ತಿಜೋರಿಯಿಂದ ಹೊರಟಿತು, ಯಾವ ಲಾಭ ನೋಡಿ ಹೊರಟಿತು ಅಂತ ಮಾತ್ರ ಇವರು ಕೇಳುವುದಿಲ್ಲ. ಕೊಂಡವನನ್ನು ಬಿಟ್ಟು ಮಾರಿದವಳನ್ನು ಹಿಡಿಯುವ ಈ ನ್ಯಾಯ ನಮಗೆ ಹಳೇ ಪರಿಚಯ. ಆದ್ದರಿಂದ ನಾವೇ ಕೇಳುತ್ತೇವೆ.

ಮೊದಲು ಲೆಕ್ಕ. 2022ರಲ್ಲಿ ನಿಗದಿಯಾದಂತೆ ಕರ್ನಾಟಕದಂಥ ದೊಡ್ಡ ರಾಜ್ಯದಲ್ಲಿ ವಿಧಾನಸಭೆಯ ಅಭ್ಯರ್ಥಿ 40 ಲಕ್ಷ, ಲೋಕಸಭೆಯ ಅಭ್ಯರ್ಥಿ 95 ಲಕ್ಷ ರೂಪಾಯಿ ಖರ್ಚು ಮಾಡಬಹುದು. ಇದು ಬರೀ ಕಾಗದದ ಮಿತಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಒಂದು ದಿನ ರಜೆಯಿಲ್ಲದೆ, ಒಂದು ತುತ್ತು ಉಣ್ಣದೆ ಕೂಡಿಟ್ಟರೂ 40 ಲಕ್ಷ ಆಗಲಿಕ್ಕೆ 29 ವರ್ಷ ಮೀರುತ್ತದೆ. ಪರಿಶಿಷ್ಟರಿಗೆ ಠೇವಣಿ ಅರ್ಧ, ವಿಧಾನಸಭೆಗೆ 5,000 ರೂಪಾಯಿ ಸಾಕಂತೆ. ದೊಡ್ಡ ಉಪಕಾರ! ಹೊಸಿಲಲ್ಲಿ ರಿಯಾಯಿತಿ, ಒಳಗೆ ಕಾಲಿಡಬೇಕಾದರೆ ಲಕ್ಷ ಲಕ್ಷ. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ಈ ವೈರುಧ್ಯ ಬಹುಕಾಲ ಉಳಿದರೆ ಪ್ರಜಾಪ್ರಭುತ್ವವೇ ಉಳಿಯುವುದಿಲ್ಲ ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಓಟು ಹಾಕಲಿಕ್ಕೆ ನಾವು ಸಮಾನರು. ಓಟು ಕೇಳಲಿಕ್ಕೆ?

ಇದಕ್ಕೆ ಮದ್ದು ಏನು ಅಂತ ನಮ್ಮ ಶಾಸನಕರ್ತರಿಗೆ ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ಚುನಾವಣೆಯ ಖರ್ಚನ್ನು ಸರ್ಕಾರವೇ ಹೊರಬೇಕು ಎಂದು ಅವರೇ ಬರೆದುಕೊಟ್ಟಿದ್ದಾರೆ. 1998ರಲ್ಲಿ ಇಂದ್ರಜಿತ್ ಗುಪ್ತ ಸಮಿತಿ ಕೂತಿತು. ಅದರಲ್ಲಿ ಕಾಂಗ್ರೆಸ್ಸಿನ ಮನಮೋಹನ್ ಸಿಂಗ್ ಇದ್ದರು, ಬಿಜೆಪಿಯ ವಿಜಯಕುಮಾರ್ ಮಲ್ಹೋತ್ರಾ ಇದ್ದರು, ಸಿಪಿಐಎಂನ ಸೋಮನಾಥ ಚಟರ್ಜಿ ಇದ್ದರು. ಮತದಾರನೊಬ್ಬನಿಗೆ 10 ರೂಪಾಯಿಯಂತೆ ಕೇಂದ್ರ ವರ್ಷಕ್ಕೆ 600 ಕೋಟಿ ಎತ್ತಿಡಲಿ, ರಾಜ್ಯಗಳು ಸೇರಿ ಅಷ್ಟೇ ಹಾಕಲಿ, ನಗದು ಬೇಡ, ಡೀಸೆಲ್, ಕಾಗದ, ಅಂಚೆ, ಮೈಕು ಕೊಡಿ ಅಂದಿತು ಸಮಿತಿ. ಆಮೇಲೆ ಬಿಜೆಪಿ ಆಳಿತು. 2004ರಿಂದ ಹತ್ತು ವರ್ಷ ಅದೇ ಮನಮೋಹನ್ ಸಿಂಗ್ ಪ್ರಧಾನಿಯಾಗಿದ್ದರು. 2014ರಲ್ಲಿ ಮತ್ತೆ ಬಿಜೆಪಿ ಬಂತು. ಕಾನೂನು ಮಾತ್ರ ಬರಲಿಲ್ಲ. ನಮ್ಮವರೇ ಆದ ವೀರಪ್ಪ ಮೊಯಿಲಿಯವರ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಭಾಗಶಃ ಸರ್ಕಾರಿ ನೆರವು ಕೊಡಿ ಎಂದು ವರದಿ ಬರೆಯಿತು. 2009ರಲ್ಲಿ ಮೊಯಿಲಿಯವರೇ ಕಾನೂನು ಮಂತ್ರಿಯಾದರು. ವರದಿಯೂ ಅವರದೇ, ಖಾತೆಯೂ ಅವರದೇ. ಆದರೂ ಕಡತ ಅಲುಗಲಿಲ್ಲ. 2019ರಲ್ಲಿ ಕಾಂಗ್ರೆಸ್ ತನ್ನ ಪ್ರಣಾಳಿಕೆಯಲ್ಲಿ ರಾಷ್ಟ್ರೀಯ ಚುನಾವಣಾ ನಿಧಿ ಮಾಡ್ತೀವಿ ಅಂತ ಬರೆಯಿತು.

ವರದಿಯಲ್ಲಿ ಎಲ್ಲರೂ ಒಪ್ಪುತ್ತಾರೆ, ಸದನದಲ್ಲಿ ಯಾರೂ ಕೈ ಎತ್ತುವುದಿಲ್ಲ. ಕೈ ಎತ್ತಿದ್ದು ಯಾವುದಕ್ಕೆ, ನೋಡಿ. ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಬೇಕೆಂದು 1974ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ತಿಂಗಳು ಸುಗ್ರೀವಾಜ್ಞೆ ತಂದು ಆ ತೀರ್ಪನ್ನು ಮಣ್ಣು ಮಾಡಿದರು. 2003ರಲ್ಲಿ ಆ ಕಿಂಡಿಯನ್ನು ಕಿರಿದು ಮಾಡಿದರೇ ಹೊರತು ಮುಚ್ಚಲಿಲ್ಲ. ಪಕ್ಷದ ಖರ್ಚಿಗೆ ಇವತ್ತಿಗೂ ಮಿತಿಯಿಲ್ಲ. 1969ರಲ್ಲಿ ನಿಷೇಧಿಸಿದ್ದ ಕಂಪನಿ ದೇಣಿಗೆಗೆ 1985ರಲ್ಲಿ ಮತ್ತೆ ಬಾಗಿಲು ತೆರೆದರು. 2017ರಲ್ಲಿ ಕಂಪನಿಗಳಿಗಿದ್ದ ಮಿತಿಯನ್ನೂ ಕಿತ್ತುಹಾಕಿ, ಕೊಟ್ಟವನ ಹೆಸರು ಮುಚ್ಚಿಡುವ ಚುನಾವಣಾ ಬಾಂಡು ತಂದರು. 2018ರಲ್ಲಿ ವಿದೇಶಿ ದೇಣಿಗೆ ಕಾನೂನನ್ನು 1976ರಿಂದ ಪೂರ್ವಾನ್ವಯವಾಗಿ ತಿದ್ದಿ ಹಳೇ ಪಾಪ ತೊಳೆದುಕೊಂಡರು. ಲೋಕಸಭೆಯಲ್ಲಿ ಅದಕ್ಕೆ ಚರ್ಚೆಯೇ ನಡೆಯಲಿಲ್ಲ.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಬಾಂಡನ್ನು ರದ್ದು ಮಾಡಿದ ಮೇಲೆ ಗಂಟು ಬಿಚ್ಚಿತು. 2019ರ ಏಪ್ರಿಲಿನಿಂದ ಈಚೆಗೆ ಬಿಜೆಪಿಗೆ 6,000 ಕೋಟಿಗೂ ಮೇಲೆ, ಕಾಂಗ್ರೆಸ್ಸಿಗೆ 1,400 ಕೋಟಿಗೂ ಮೇಲೆ. ಜೆಡಿಎಸ್ ತಾನೇ ಕೊಟ್ಟ ಲೆಕ್ಕದಲ್ಲಿ 89.75 ಕೋಟಿ. ಬಾಂಡು ಮುಟ್ಟದೆ ಅದರ ವಿರುದ್ಧ ಕೋರ್ಟಿಗೆ ಹೋದ ಸಿಪಿಐಎಂನಂಥ ಪಕ್ಷಗಳು ಬೆರಳೆಣಿಕೆಯಷ್ಟು.

ಇದರಿಂದ ನಮಗೇನು ಅಂತ ಕೇರಿಯ ಗೆಳೆಯರು ಕೇಳಬಹುದು. ಇದೆ. ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಐವತ್ತೊಂದು ಜನ! ನಮ್ಮ ಜನರನ್ನು ಗುಡಿಯಿಂದ ದಬ್ಬಿದಾಗ, ದರಖಾಸ್ತು ಭೂಮಿಗೆ ಬೇಲಿ ಬಿದ್ದಾಗ, ಮ್ಯಾನ್‌ಹೋಲಿನಲ್ಲಿ ಜೀವ ಹೋದಾಗ ಈ ಐವತ್ತೊಂದು ಗಂಟಲು ಒಟ್ಟಿಗೆ ಕೂಗಿದರೆ ವಿಧಾನಸೌಧದ ಕಲ್ಲು ಅದುರಬೇಕಿತ್ತು. ಯಾಕೆ ಅದುರುವುದಿಲ್ಲ? ಬಿ ಫಾರಂ ಕೊಟ್ಟವನು ಪಕ್ಷದ ಧಣಿ, ಜೀಪಿಗೆ ಎಣ್ಣೆ ಹಾಕಿಸಿದವನು ಕಂಟ್ರಾಕ್ಟರು, ಬ್ಯಾನರು ಕಟ್ಟಿಸಿದವನು ಜಮೀನ್ದಾರ. ಉಂಡ ಮನೆಗೆ ಎರಡು ಬಗೆಯಬಾರದಂತೆ! ಸೀಟು ನಮಗೆ ಮೀಸಲು, ಆ ಸೀಟಿನಲ್ಲಿ ಕೂತವನ ನಾಲಗೆ ಧಣಿಗೆ ಮೀಸಲು. ಅವನು ನಮ್ಮ ಉಪ್ಪು ತಿನ್ನಲಿ, ಆಗ ನಮ್ಮ ಋಣ ಅವನ ಮೇಲಿರುತ್ತದೆ. ಅದಕ್ಕೇ ನಾವು ಸರ್ಕಾರಿ ಹಣದ ಪರ.

'ಬಡವರಿಗೆ ಅನ್ನವಿಲ್ಲ, ಪುಢಾರಿಗಳಿಗೆ ಯಾಕೆ ಬೊಕ್ಕಸದ ದುಡ್ಡು?' ಅನ್ನುವವರಿದ್ದಾರೆ. ಸ್ವಾಮಿ, ಈಗಲೂ ಹೋಗುತ್ತಿರುವುದು ಬೊಕ್ಕಸದ ದುಡ್ಡೇ. ಪಕ್ಷದ ಆದಾಯಕ್ಕೆ ತೆರಿಗೆಯಿಲ್ಲ. ದೇಣಿಗೆ ಕೊಟ್ಟ ಕಂಪನಿಗೂ ಆ ಮೊತ್ತದ ಮೇಲೆ ತೆರಿಗೆ ವಿನಾಯಿತಿ. ಆ ನಷ್ಟ ತುಂಬುವವರು ಸೋಪಿಗೆ, ಬೆಂಕಿಪೊಟ್ಟಣಕ್ಕೆ ತೆರಿಗೆ ಕೊಟ್ಟು ಬದುಕುವ ನಾವು. ದುಡ್ಡು ನಮ್ಮದು, ಹೆಸರು ಧಣಿಯದು!

ಹಾಗಂತ ಅವರ ವರದಿಗೆ ಕಣ್ಣುಮುಚ್ಚಿ ಜೈ ಅನ್ನುವವರೂ ನಾವಲ್ಲ. ಗುಪ್ತ ಸಮಿತಿ ನೆರವು ಕೊಡಬೇಕೆಂದದ್ದು ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ. ಪಕ್ಷೇತರರಿಗೆ ಇಲ್ಲ, ಹೊಸದಾಗಿ ಹುಟ್ಟಿದ ಚಳುವಳಿಯ ಪಕ್ಷಕ್ಕೂ ಇಲ್ಲ. ಅಂದರೆ ಊರಿನವರಿಗೆ ಬಾವಿ, ಕೇರಿಯವರು ದೂರ ನಿಲ್ಲಿ! ಸರ್ಕಾರ ಕೊಟ್ಟದ್ದರ ಮೇಲೆ ಅಭ್ಯರ್ಥಿ ಇನ್ನಷ್ಟು ಸುರಿದರೆ ತಡೆಯಲಾಗದು ಎಂದು ಚುನಾವಣಾ ಆಯೋಗ ಈ ಯೋಜನೆಯನ್ನು ಒಪ್ಪಿಲ್ಲ. ಆ ಭಯ ನಿಜವೇ. ಹಾಗಾದರೆ ಸುರಿಯುವ ಕೈಯನ್ನು ಕಟ್ಟಬೇಕು. ಸರ್ಕಾರದ ಹಣ ಪಡೆಯುವ ಪಕ್ಷ ಬೇರೆ ಹಣ ಮುಟ್ಟಬಾರದೆಂದು 1999ರಲ್ಲೇ ಕಾನೂನು ಆಯೋಗ ಹೇಳಿತ್ತು. ಆ ಮಾತನ್ನು ಮಾತ್ರ ನಮ್ಮ ಶಾಸನಕರ್ತರು ಜಾಣತನದಿಂದ ಮರೆತಿದ್ದಾರೆ. ಅವರಿಗೆ ಧಣಿಯ ಥೈಲಿಯೂ ಬೇಕು, ಬೊಕ್ಕಸದ ಕೀಲಿಕೈಯೂ ಬೇಕು.

ನಮ್ಮ ಬೇಡಿಕೆ ಇಷ್ಟು. ಕಂಪನಿ ದೇಣಿಗೆ ನಿಲ್ಲಲಿ. ಪಕ್ಷದ ಖರ್ಚಿಗೂ ಮಿತಿ ಬರಲಿ. ಪಕ್ಷೇತರ, ಹೊಸ ಪಕ್ಷ ಎನ್ನದೆ, ಇಷ್ಟು ಮತದಾರರ ಸಹಿ ತಂದ ಪ್ರತಿ ಅಭ್ಯರ್ಥಿಗೂ ಕರಪತ್ರ, ಮೈಕು, ವಾಹನ ಸರ್ಕಾರದಿಂದ ಸಿಗಲಿ. ಕೊಟ್ಟ ಪ್ರತಿ ಪೈಸೆಯ ಲೆಕ್ಕ ಪಂಚಾಯ್ತಿ ಗೋಡೆಯ ಮೇಲೆ ಅಂಟಲಿ.

'ಇದೆಲ್ಲ ದಿಲ್ಲಿಯ ಕೆಲಸ' ಎಂದು ನುಣುಚಿಕೊಳ್ಳುವ ಶಾಸಕರಿಗೆ ನಾವು ಸಂವಿಧಾನ ತೋರಿಸುತ್ತೇವೆ. 243ಕೆ ವಿಧಿಯಂತೆ ಪಂಚಾಯ್ತಿ ಚುನಾವಣೆಯ ಕಾನೂನು ವಿಧಾನಸೌಧದ ಕೈಯಲ್ಲೇ ಇದೆ. ಗ್ರಾಮ ಪಂಚಾಯ್ತಿಯಿಂದಲೇ ಶುರು ಮಾಡಿ. ಸಮಯವಿಲ್ಲ ಅನ್ನಬೇಡಿ. 2025ರ ಮಾರ್ಚ್ 21ರಂದು ಗದ್ದಲದ ನಡುವೆಯೇ, ಚರ್ಚೆಯಿಲ್ಲದೆ, ನಿಮ್ಮ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸಿಕೊಂಡಿರಿ. ಅಷ್ಟೇ ಸಮಯ ಸಾಕು.

ಗೆಳೆಯರೆ, ಈ ಬೇಡಿಕೆಯನ್ನು ಹಾಳೆಯಲ್ಲಿ ಬರೆದು ನಿಮ್ಮ ಶಾಸಕನ ಮುಂದಿಡಿ. ಮೀಸಲು ಕ್ಷೇತ್ರದವನ ಮುಂದೆ ಮೊದಲು ಇಡಿ. ಸಹಿ ಹಾಕಿದರೆ ಹಾಕಿದ ಎಂದೂ, ಹಾಕದಿದ್ದರೆ ಹಾಕಲಿಲ್ಲ ಎಂದೂ ಕೇರಿಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಯಿರಿ.