ದೂರು ಬರಲಿಲ್ಲ ಅಂದ್ರೆ ಹೊಡೆತ ನಿಂತಿದೆ ಅಂತಲ್ಲ

ಹನೂರು: ಊರಿಗೆ ಕಷ್ಟ ಬಂದಾಗ ಮನೆಯೊಳಗಿನ ಹೊಡೆತ-ಬಡಿತ ಠಾಣೆ ತನಕ ಬರೋದೇ ಇಲ್ಲ. ಕೇಸ್ ಕಮ್ಮಿ ಆಗಿದೆ ಎಂದು ಸಮಾಧಾನಪಡುವ ಮೊದಲು, ಹೆಣ್ಣುಮಗಳು ಠಾಣೆಗೆ ಬರುವ ದಾರಿ ತೆರೆದಿತ್ತೇ ಎಂದು ಕೇಳಬೇಕು.

2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಜೂನ್ ಆರಂಭದವರೆಗೂ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಒಂದೂ ಕೊರೊನಾ ಪ್ರಕರಣ ಇರಲಿಲ್ಲ. ಹಸಿರು ವಲಯ ಅಂತ ಎಲ್ರೂ ಹೆಮ್ಮೆಪಟ್ಟೆವು. ಆದರೆ ಬಸ್ ಇಲ್ಲ, ಕೂಲಿ ಇಲ್ಲ, ಗಂಡ ದಿನವಿಡೀ ಮನೇಲೇ. ಕಾಡಂಚಿನ ಊರಿನ ಹೆಂಗಸು ತವರಿಗೆ ಹೋಗೋದು ಹೇಗೆ, ಹನೂರು, ರಾಮಾಪುರ ಠಾಣೆಗೆ ಬರೋದು ಹೇಗೆ? ಮನೆಗೊಂದೇ ಮೊಬೈಲ್ ಇದ್ದು, ಅದೂ ಗಂಡನ ಜೇಬಲ್ಲಿದ್ದರೆ ಫೋನ್ ಮಾಡೋದಾದರೂ ಹೇಗೆ?

ಅದೇ ಹೊತ್ತಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ 25 ದಿನದಲ್ಲಿ 239 ಕೌಟುಂಬಿಕ ಹಿಂಸೆ ದೂರು ಬಂದವು. ಅದಕ್ಕೂ ಹಿಂದಿನ 25 ದಿನದಲ್ಲಿ ಬಂದಿದ್ದು 123. ಹೆಚ್ಚಿದ್ದು ಇ-ಮೇಲ್ ದೂರು. ಬಡ ಹೆಣ್ಣುಮಕ್ಕಳು ಅಂಚೆಯಲ್ಲಿ ಕಳಿಸುತ್ತಿದ್ದ ದೂರುಗಳು ಮಾತ್ರ ಬರುತ್ತಿರಲಿಲ್ಲ. ಅಂದರೆ ಇ-ಮೇಲ್ ಗೊತ್ತಿದ್ದವರ ದನಿ ದೆಹಲಿ ಮುಟ್ಟಿತು, ಉಳಿದವರದು ಗೋಡೆಯೊಳಗೇ ಉಳಿಯಿತು.

ದಾರಿ ಮುಚ್ಚಲು ಕೊರೊನಾವೇ ಬರಬೇಕೆಂದಿಲ್ಲ. 2024ರ ಏಪ್ರಿಲ್ 26ರ ಮತದಾನದ ದಿನ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಯಿತು. ಬಂಧನಕ್ಕೆ ಹೆದರಿ ಅನೇಕರು ಊರು ಬಿಟ್ಟರು. ಊರಿಗೆ ಊರೇ ಪೊಲೀಸರಿಗೆ ಹೆದರಿರುವಾಗ, ಗಂಡನ ಮೇಲೆ ದೂರು ಕೊಡಲು ಅದೇ ಪೊಲೀಸರ ಹತ್ತಿರ ಹೋಗುವ ಧೈರ್ಯ ಯಾವ ಹೆಂಗಸಿಗೆ ಬಂದೀತು?

ಕಷ್ಟಕಾಲ ಇಲ್ಲದಿದ್ದಾಗಲೂ ಬಾಯಿ ಬಿಡುವವರು ಕಡಿಮೆ. ರಾಜ್ಯದಲ್ಲಿ 2019ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ಮಹಿಳೆಯರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂಸೆಗೆ ಒಳಗಾದವರಲ್ಲಿ ನೆರವು ಕೇಳಿದವರು ದೇಶದಲ್ಲಿ ಶೇ 14 ಮಾತ್ರ.

ಇಲ್ಲಿ ಅಂಗಡಿಯವರಿಗೂ ಒಂದು ಪಾತ್ರವಿದೆ. ಲಾಕ್‌ಡೌನ್‌ನಲ್ಲೂ ತೆರೆದಿದ್ದು ದಿನಸಿ ಅಂಗಡಿ, ಮೆಡಿಕಲ್ ಸ್ಟೋರ್. ಸ್ಪೇನ್‌ನಲ್ಲಿ ಆಗ ಹೆಂಗಸರು ಮೆಡಿಕಲ್‌ಗೆ ಹೋಗಿ ‘ಮಾಸ್ಕ್ 19’ ಎಂದರೆ ಸಾಕು, ಅಂಗಡಿಯವರೇ ಸಹಾಯವಾಣಿಗೆ ಫೋನ್ ಮಾಡುತ್ತಿದ್ದರು. ನಮ್ಮ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯೂ ಅದಕ್ಕೆ ಅವಕಾಶ ಕೊಟ್ಟಿದೆ. ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ, ಅಂದರೆ ಸಿಡಿಪಿಒಗೆ ವಿಷಯ ತಿಳಿಸಬಹುದು. ಒಳ್ಳೇ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸ್ ಹಾಕುವಂತಿಲ್ಲ.

‘ಅವರ ಮನೆ ವಿಚಾರ, ನಮಗ್ಯಾಕೆ’ ಅನ್ನೋದು ಸುಲಭ. ಅದರ ಬದಲು ಗಲ್ಲಾಪೆಟ್ಟಿಗೆ ಪಕ್ಕ ಎರಡು ನಂಬರ್ ಬರೆದಿಡಿ: ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಕೇಳಿದವರಿಗೆ ಒಂದು ಫೋನ್ ಮಾಡಲು ನಿಮ್ಮ ಮೊಬೈಲ್ ಕೊಡಿ.