ಹಾಪ್ಸಿನ ಕಹಿಗೆ ಮೆನು, ನೀರಾಕ್ಕೆ ಗೋಲಿಬಾರ್

ಬೆಂಗಳೂರಿನ ಪಬ್ಬೊಂದು ತಾನೇ ತಯಾರಿಸುವ ಇಂಡಿಯಾ ಪೇಲ್ ಏಲ್ ಎಂಬ ಬಿಯರನ್ನು ನಾವೂ ಕುಡಿದು ನೋಡಿದೆವು. ಮೂಗಿಗೆ ಮೊದಲು ಕಿತ್ತಳೆ ಸಿಪ್ಪೆ ಹಿಂಡಿದ ವಾಸನೆ. ನಾಲಿಗೆಗೆ ಮೊಳಕೆ ಬಾರ್ಲಿಯ ಸಣ್ಣ ಸಿಹಿ. ನುಂಗಿದ ಮೇಲೆ ಹಾಗಲಕಾಯಿಯಂಥ ಕಹಿ, ಗಂಟಲು ಬಿಟ್ಟು ಹೋಗಲ್ಲ. ಚೆನ್ನಾಗೇ ಇತ್ತು, ಸುಳ್ಳೇಕೆ? ಆ ಕಹಿ ಹಾಪ್ಸ್ ಎಂಬ ಬಳ್ಳಿಯ ಹೂವಿನದು. ಹೆಸರಲ್ಲಿ ಇಂಡಿಯಾ ಇದ್ದರೂ ನಮಗೆಂದು ಹುಟ್ಟಿದ್ದಲ್ಲ. ಇಲ್ಲಿದ್ದ ಬ್ರಿಟಿಷರಿಗಾಗಿ ಇಂಗ್ಲೆಂಡಿನಿಂದ ಹಡಗಲ್ಲಿ ಬರುತ್ತಿದ್ದ ಬಿಯರು.

ನಮ್ಮ ತಕರಾರು ಬಿಯರಿನ ಮೇಲಲ್ಲ. ಅಮಲಿನ ಈ ಗ್ಲಾಸಿಗೆ ಲೈಸನ್ಸೂ ಇದೆ, ಮೆನುವಿನಲ್ಲಿ ರುಚಿಯ ವರ್ಣನೆಯೂ ಇದೆ. ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾ ನೋಡಿ. ಹುಳಿಯುವ ಮುಂಚೆ ಅದರಲ್ಲಿ ಅಮಲೇ ಇರಲ್ಲ. ಅದನ್ನು ಇಳಿಸುವ ಹಕ್ಕು ಕೇಳಿದ್ದಕ್ಕೆ 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಯಿತು. ಇಬ್ಬರು ರೈತರು ಸತ್ತರು. ನುಸಿರೋಗಕ್ಕೆ ತೋಟ ಹಾಳಾಗಿ, ಬೇರೆ ದಾರಿ ಕಾಣದೆ ಬೀದಿಗೆ ಬಂದವರು ಅವರು.

ಆಮೇಲೆ ಕಾನೂನು ಸಡಿಲವಾಯಿತು ಅನ್ನಿ. ಆದರೂ ನೀರಾ ಇನ್ನೂ ಅಬಕಾರಿಯ ಕೈಯಲ್ಲೇ ಇದೆ. ನಮ್ಮದೇ ಮರದಿಂದ ಇಳಿಸಲು ಲೈಸನ್ಸು ಬೇಕು. ಎಳನೀರು ಕೊಚ್ಚಿ ಮಾರುವಂತೆ ನೀರಾವನ್ನೂ ರಸ್ತೆ ಬದಿಯಲ್ಲಿ ಮಾರಲು ಬಿಡಿ. ಬೇಕಿದ್ದರೆ ಹುಳಿ ಬಂದಿದೆಯೋ ಇಲ್ಲವೋ ಎಂದು ದಿನಾ ಬಂದು ಪರೀಕ್ಷೆ ಮಾಡಿ.