ಬೀಗಕ್ಕೂ ರಹದಾರಿ ಬೇಕೇ?

ಸನವಳ್ಳಿ ಜಲಾಶಯದ ಕಡೆ ಸಂಜೆ ನಡೆದು ಹೋಗುವಾಗ ಮುಂಡಗೋಡದ ಟಿಬೆಟನ್ ಶಿಬಿರದ ಭಿಕ್ಷುಗಳು ನನಗೆ ಎದುರಾಗುವುದುಂಟು. ಕೈಯಲ್ಲಿ ಜಪಮಾಲೆಯ ಜತೆಗೆ ಮೊಬೈಲ್. 1966ರಿಂದ ಇಲ್ಲಿ ನೆಲೆಯೂರಿರುವ ಈ ಸಮುದಾಯಕ್ಕೆ ಗೋಪ್ಯತೆಯೆಂಬುದು ಶೋಕಿಯಲ್ಲ. ದಲೈ ಲಾಮಾ ಅವರ ಕಚೇರಿಯ ಗಣಕಗಳಿಗೇ ಬೇಹುಗಾರಿಕೆ ತಂತ್ರಾಂಶ ನುಗ್ಗಿದ್ದನ್ನು ಕೆನಡಾದ ಸಂಶೋಧಕರು 2009ರ ‘ಘೋಸ್ಟ್‌ನೆಟ್’ ವರದಿಯಲ್ಲಿ ಬಯಲು ಮಾಡಿದ್ದರು. ಗೂಢಲಿಪಿಯೊಂದೇ ಅಂಥ ದಾಳಿಯನ್ನು ತಡೆಯಲಾರದು, ನಿಜ. ಆದರೆ ದಾರಿಯಲ್ಲಿರುವ ಪತ್ರವನ್ನು ಅನ್ಯರು ಓದದಂತೆ ಕಾಯುವುದು ಅದೇ.

ಇಂಥ ಬೀಗವನ್ನು ನಮ್ಮ ಸರ್ಕಾರ ಶಸ್ತ್ರಾಸ್ತ್ರದ ಸಾಲಿಗೆ ಸೇರಿಸಿದೆ. 2017ರ ಡಿಸೆಂಬರಿನಲ್ಲಿ ಭಾರತ ವಾಸೆನಾರ್ ಒಪ್ಪಂದದ ಸದಸ್ಯನಾಯಿತು. ಅದಕ್ಕೆ ಹೊಂದುವಂತೆ ರೂಪಿಸಿದ ‘ಸ್ಕಾಮೆಟ್’ ಪಟ್ಟಿಯ ಪ್ರಕಾರ, 56 ಬಿಟ್‌ಗಿಂತ ಉದ್ದದ ಕೀಲಿ ಬಳಸುವ, ಭದ್ರತೆಯೇ ಮುಖ್ಯ ಉದ್ದೇಶವಾದ ತಂತ್ರಾಂಶದ ರಫ್ತಿಗೆ ಅನುಮತಿ ಬೇಕು. ಅಂಗಡಿಯಲ್ಲಿ ಎಲ್ಲರಿಗೂ ಸಿಗುವ ಸರಕಿಗೆ ವಿನಾಯಿತಿಯಿದೆ. ಹೊರದೇಶದ ಒಬ್ಬ ಗ್ರಾಹಕನಿಗೆಂದೇ ತಂತ್ರಾಂಶ ಬರೆದುಕೊಡುವ ಬೆಂಗಳೂರಿನ ಅಥವಾ ಹುಬ್ಬಳ್ಳಿಯ ಸಣ್ಣ ಉದ್ಯಮಿಗೆ ಆ ವಿನಾಯಿತಿ ಸುಲಭವಾಗಿ ದಕ್ಕುವುದಿಲ್ಲ. ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಇವನಿಗೆ ಯಾರಿದ್ದಾರೆ?

ಇದರಿಂದ ದೇಶಕ್ಕಾಗುವ ಲಾಭವಾದರೂ ಏನು? ಅಮೆರಿಕ ಇದೇ ಹಾದಿ ಹಿಡಿದು ಎಡವಿತ್ತು. 1991ರಲ್ಲಿ ‘ಪಿಜಿಪಿ’ ರಚಿಸಿದ ಫಿಲ್ ಜಿಮ್ಮರ್‌ಮನ್ ವರ್ಷಗಟ್ಟಲೆ ಕ್ರಿಮಿನಲ್ ತನಿಖೆ ಎದುರಿಸಿದರು; 1996ರಲ್ಲಿ ಆರೋಪಪಟ್ಟಿಯೇ ಇಲ್ಲದೆ ಅದು ಮುಗಿಯಿತು. ಅಷ್ಟರಲ್ಲಿ ಆ ತಂತ್ರಾಂಶದ ಮೂಲ ಸಂಕೇತ ಪುಸ್ತಕವಾಗಿ ಅಚ್ಚಾಗಿತ್ತು. ಪುಸ್ತಕವನ್ನು ಗಡಿಯಲ್ಲಿ ತಡೆಯುವವರಾರು? 2000ದಲ್ಲಿ ಅಮೆರಿಕವೇ ನಿಯಮ ಸಡಿಲಿಸಿತು. ಮರುವರ್ಷ ಅದು ತನ್ನ ಅಧಿಕೃತ ಮಾನದಂಡವಾಗಿ ಅಂಗೀಕರಿಸಿದ ‘ಎಇಎಸ್’ ಇಬ್ಬರು ಬೆಲ್ಜಿಯನ್ನರ ಕೃತಿ. ವಿದ್ಯೆಗೆ ಸುಂಕದ ಕಟ್ಟೆಯಿಲ್ಲ.

ನಮ್ಮಲ್ಲಿಯೂ ವಿಪರ್ಯಾಸಗಳಿಗೆ ಕೊರತೆಯಿಲ್ಲ. ಅನುಮತಿಯಿಲ್ಲದೆ 40 ಬಿಟ್ ಮೀರಬಾರದೆಂದು ಅಂದಿನ ಇಂಟರ್‌ನೆಟ್ ಪರವಾನಗಿ ಹೇಳುತ್ತಿದ್ದಾಗಲೇ, ಕನಿಷ್ಠ 128 ಬಿಟ್ ಭದ್ರತೆ ಇರಲೆಂದು ರಿಸರ್ವ್ ಬ್ಯಾಂಕ್ 2001ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತ್ತು. 2015ರ ಸೆಪ್ಟೆಂಬರಿನ ಕರಡು ನೀತಿಯಂತೂ ಪ್ರಜೆಗಳು ತಮ್ಮ ಸಂದೇಶಗಳ ಮೂಲಪಠ್ಯವನ್ನು 90 ದಿನ ಕಾಪಿಡಬೇಕೆಂದಿತು. ರಫ್ತಿಗೆ ಮುನ್ನ ಸರ್ಕಾರಕ್ಕೆ ತಿಳಿಸಬೇಕೆಂದಿತು. ಜನ ಸಿಡಿದೆದ್ದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು.

ಭಯೋತ್ಪಾದಕರೂ ಗೂಢಲಿಪಿ ಬಳಸುತ್ತಾರೆಂಬ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಅವರು ಪರವಾನಗಿಗೆ ಅರ್ಜಿ ಹಾಕುವವರಲ್ಲ. ಸೇನೆಯ ರಹಸ್ಯ ಸಲಕರಣೆಗಳ ಮೇಲೆ, ಜನರ ಮೇಲೆ ಕದ್ದು ಕಣ್ಣಿಡುವ ಸಾಧನಗಳ ಮೇಲೆ ನಿರ್ಬಂಧವಿರಲಿ. ಜಗತ್ತಿಗೆಲ್ಲ ತಿಳಿದ ಗಣಿತವನ್ನು ಬಳಸುವ ನಾಗರಿಕ ತಂತ್ರಾಂಶವನ್ನು ಪಟ್ಟಿಯಿಂದ ಕೈಬಿಡಬೇಕು. ವಾಸೆನಾರ್ ವೇದಿಕೆಯಲ್ಲಿಯೂ ಭಾರತ ಇದನ್ನೇ ಪ್ರತಿಪಾದಿಸಬೇಕು. ಕಳ್ಳನಿಗೆ ಹೆದರಿ ಬೀಗ ಮಾರುವವನನ್ನು ಕಟ್ಟಿಹಾಕುವುದು ಯಾವ ನ್ಯಾಯ?